ಬಾಯಿಲ್ಲದ ಪೆಟ್ಟಿಗೆ

"ಸೀಡಿ ಎಲ್ಲಿಂದ ತೂರ್ಸೋದ್ಲಾ ಇದಕ್ಕೆ? ಬಾಯೇ ಇಲ್ವಲ್ಲ!"

ಪುಟ್ಟರಂಗಯ್ಯ ಆ ಕರೀ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ತೂರ್ಸಂಗಿಲ್ಲ ಕಣಪ್ಪ. ಇದು ಕಂಪ್ಯೂಟ್ರು. ಸೀಡಿ ಕಾಲ ಮುಗೀತು," ಎಂದ ರಂಗನಾಥ್. ಈ ಒಂದು ಮಾತು ಹೇಳುವುದಕ್ಕೆಂದೇ ಅವನು ಅಪ್ಪನನ್ನು ತುಮಕೂರಿನ ಆ ಅಂಗಡಿಗೆ ಕರೆತಂದಂತಿತ್ತು.

ಅವನ ಹೊಸ ಮನೆಯ ಹಾಲಿಗೆ ಗೋಡೆಯಗಲದ ಟೀವಿ, ಮೂಲೆಮೂಲೆಗೂ ಸ್ಪೀಕರು ಬಂದಿದ್ದವು. ಅವಕ್ಕೆ ಡಿವಿಡಿ ಪ್ಲೇಯರ್ ಜೋಡಿಸುವುದೋ, ಕಂಪ್ಯೂಟರೋ ಎಂಬುದಷ್ಟೇ ಬಾಕಿ. ಪ್ಲೇಯರೇ ಸಾಕು ಎನ್ನಲು ನಿಟ್ಟೂರಿನಿಂದ ಬಸ್ಸು ಹತ್ತಿ ಬಂದಿದ್ದ ಅಪ್ಪನ ಚೀಲದಲ್ಲಿ ಏನಿದೆಯೆಂದು ರಂಗನಾಥನಿಗೆ ಗೊತ್ತಿತ್ತು: ಊರಿನವರು ಆಡಿದ ಪೌರಾಣಿಕ ನಾಟಕದ ಸೀಡಿಗಳು. ಆ ಸೀಮೆಯಲ್ಲಿ ಪಾತ್ರವನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಹೆಚ್ಚು ಕೊಟ್ಟವನೇ ರಾಜ. ಪುಟ್ಟರಂಗಯ್ಯ ಒಂದು ವರ್ಷದ ಕೊಬ್ಬರಿಯನ್ನೆಲ್ಲ ಸುರಿದು ರಾಜನಾಗಿದ್ದ. ಗೊಗ್ಗರು ದನಿಯಲ್ಲಿ ಪದ್ಯ ಹಾಡುತ್ತ, ನಡುವೆ ನೆಂಟರ ಹಾರಕ್ಕೆ ಕತ್ತು ಒಡ್ಡಿ, ಹಾರ ತೆಗೆದಿಟ್ಟು ಪುನಃ ಮೊದಲಿಂದ ಹಾಡಿದ್ದ. ಮನೆಗೆ ಬಂದವರು ಅದನ್ನು ನೋಡದೆ ಕಾಫಿ ಕುಡಿಯುವಂತಿರಲಿಲ್ಲ. ರಂಗನಾಥ್ ಮಾತ್ರ ಸೀಡಿ ಗುಂಯ್ ಎಂದೊಡನೆ ಚಪ್ಪಲಿ ಹುಡುಕುತ್ತಿದ್ದ. ಒಂದು ದಿನವೂ ಕೂತು ನೋಡಿದವನಲ್ಲ.

ಈಗ ಅವನು ಬಿದರೆಹಳ್ಳಿ ಕಾವಲಿನ ಕಾರ್ಖಾನೆಯ ನೌಕರ. ಭಾನುವಾರ ಅವನ ಮೇಲಧಿಕಾರಿ ಅನಂತರಾಜು ಊಟಕ್ಕೆ ಬರುವವರಿದ್ದರು. ಅವರೆದುರು ಅಪ್ಪ ಆ ಗೋಡೆಯಗಲ ಗದೆ ತಿರುಗಿಸುವುದನ್ನು ನೆನೆದೇ ಅವನ ಕಿವಿ ಬಿಸಿಯಾಗುತ್ತಿತ್ತು.

"ಸಾವಿರ ಪಿಚ್ಚರ್ ತುಂಬಬೋದು ಮಾವ ಇದರಾಗೆ," ಎಂದ ತಿಮ್ಮೇಶ್. ರಂಗನಾಥನ ಹೆಂಡತಿಯ ತಮ್ಮ. ಕುಣಿಗಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು, ಜಗತ್ತಿನ ಎಲ್ಲ ಯಂತ್ರಗಳ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವನು.

"ಸಾವಿರ ಕಟ್ಕಂಡು ಏನ್ಲಾ ಮಾಡ್ಲಿ? ನನ್ ನಾಟಕ ಒಂದು ಓಡಾಕಿಲ್ವಲ್ಲ!"

"ಪ್ಲೇಯರ್ರೂ ಐತೆ ಯಜಮಾನ್ರೇ, ಹಳೇ ಸ್ಟಾಕು," ಎಂದು ಅಂಗಡಿಯವನು ಧೂಳು ಒರೆಸತೊಡಗಿದ. ಮುದುಕನ ಮುಖ ಅರಳುವಷ್ಟರಲ್ಲಿ ರಂಗನಾಥ್ ಕಂಪ್ಯೂಟರಿಗೆ ಕಾರ್ಡು ಉಜ್ಜಿಯಾಗಿತ್ತು.

ಭಾನುವಾರ ಅನಂತರಾಜು ಉಂಡು ಸೋಫಾದಲ್ಲಿ ಒರಗಿದರು. ಪುಟ್ಟರಂಗಯ್ಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ಸೀಡಿ ಎಂಬ ದರಿದ್ರದಿಂದ ಮನುಷ್ಯಕುಲ ಪಾರಾದ ಬಗೆಯನ್ನು ರಂಗನಾಥ್ ವಿವರಿಸುತ್ತಿರುವಾಗಲೇ ತಿಮ್ಮೇಶ್ ಮೌಸ್ ಒತ್ತಿದ. ಹಾರ್ಮೋನಿಯಂ ನಾಲ್ಕೂ ಮೂಲೆಯಿಂದ ಅರಚಿತು. ಗೋಡೆಯ ಮೇಲೆ ಕಿರೀಟ ಹೊತ್ತ ಪುಟ್ಟರಂಗಯ್ಯ.

"ಹೆಂಗೆ ಭಾವ! ಮಾವನ ಸೀಡಿನೆಲ್ಲ ನಮ್ಮಂಗಡೀಲಿ ಕಾಪಿ ಮಾಡಿ ತುಂಬ್ಕೊಂಡು ಬಂದೆ. ಇನ್ ಮೇಲೆ ಅಳಿಸೋಗೋ ಮಾತೇ ಇಲ್ಲ!"

ರಂಗನಾಥ್ ಎದ್ದ.

"ಕೂತ್ಕೊಳ್ರೀ ರಂಗನಾಥ್," ಎಂದರು ಅನಂತರಾಜು. "ಅರೆ, ಸಿಂಹಾಸನದ ಹಿಂದೆ ಈಟಿ ಹಿಡ್ಕೊಂಡಿರೋದು ನೀವಲ್ವೇನ್ರೀ?"

ಹೌದು, ಅವನೇ. ಆಗಿನ್ನೂ ಹೈಸ್ಕೂಲು. ಮಗನೂ ಇರಲಿ ಎಂದು ಅಪ್ಪ ಮಾತಿಲ್ಲದ ಕಾವಲುಗಾರನ ಪಾತ್ರವನ್ನೂ ಕೊಂಡಿದ್ದ. ಬಣ್ಣ ಹಚ್ಚಿದ್ದು ಬಿಟ್ಟರೆ ರಂಗನಾಥನಿಗೆ ಏನೂ ನೆನಪಿಲ್ಲ. ಯಾಕೆಂಬುದು ಈಗ ಕಂಡಿತು: ಕಾವಲುಗಾರ ಬಾಯಿ ಬಿಟ್ಟು ನಿಂತಲ್ಲೇ ನಿದ್ದೆ ಹೋಗಿದ್ದ.

"ನಮ್ ಶಿಫ್ಟಲ್ಲೂ ಹಿಂಗೇನಾ?" ಅನಂತರಾಜು ಹೊಟ್ಟೆ ಹಿಡಿದು ನಕ್ಕರು. ಅಡುಗೆಮನೆಯಿಂದ ಬಂದ ರಂಗನಾಥನ ಹೆಂಡತಿ ಪ್ರೇಮಲತಾ ಅವನ ಮುಖ ನೋಡಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.

ಪರದೆಯ ಮೇಲೆ ಈಟಿ ವಾಲತೊಡಗಿತು. ರಾಜ ತಿರುಗಿ ನೋಡಿದ. ಪದ್ಯದ ನಡುವೆಯೇ, ಮುಂದೆ ಇಳಿಬಿಟ್ಟಿದ್ದ ಮೈಕನ್ನು ತೊರೆದು ಹಿಂದಕ್ಕೆ ನಡೆದ. ಈಟಿಯನ್ನು ನೆಟ್ಟಗೆ ಹಿಡಿದು, ಹುಡುಗನಿಗೆ ತನ್ನ ಹೆಗಲನ್ನು ಒರಗು ಕೊಟ್ಟು ಅಲ್ಲೇ ನಿಂತ. ಮುಂದೆ ಬಾ ಎಂದು ಹಾರ ಹಿಡಿದವರು ಕೆಳಗಿಂದ ಕೈ ಬೀಸಿದರು. ರಾಜ ಕದಲಲಿಲ್ಲ.

"ಮುಂದಕ್ಕೆ ಓಡ್ಸೋ ತಿಮ್ಮೇಶ," ಎಂದ ಪುಟ್ಟರಂಗಯ್ಯ ಬಾಗಿಲ ಬಳಿಯಿಂದ. "ಅಲ್ಲಿ ಪದ್ಯ ಕೇಳ್ಸಾಕಿಲ್ಲ. ನಾನು ಯಾವಾಗ್ಲೂ ಅದನ್ನ ದಾಟ್ಸೇಬುಡ್ತೀನಿ."

ರಂಗನಾಥ್ ತಿಮ್ಮೇಶನ ಕೈಯಿಂದ ಮೌಸ್ ಕಸಿದುಕೊಂಡ. ಸ್ಪೀಕರುಗಳಲ್ಲಿ ಬರೀ ಹಾರ್ಮೋನಿಯಂ. ಗೋಡೆಯಗಲ, ಯಾರಿಗೂ ಕೇಳಿಸದ ಪದ್ಯವನ್ನು ರಾಜನ ತುಟಿಗಳು ಹಾಡುತ್ತಲೇ ಇದ್ದವು.