ಪ್ರಸೇನನ್ ಬೆನ್ನು

ನನ್ನ ಗಂಡ ಪ್ರಸೇನನ್ ಆಲಪ್ಪುಳದ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಕಾಲೊರಸು ನೇಯುತ್ತಾನೆ. ನಲವತ್ತು ಹತ್ತಿರ ಬಂತು, ಗಿರಿಜಾ ಮೀಸೆ ಇದೆ, ಯೂನಿಯನ್ ಮೀಟಿಂಗಿನಲ್ಲಿ ದೊಡ್ಡ ಬಾಯಿಯೂ ಇದೆ. ಅಷ್ಟೆಲ್ಲ ಇದ್ದವನು ಸಂಜೆ ಮನೆಗೆ ಬಂದವನೇ ಅಂಗಿ ಬಿಚ್ಚಿ, ಜಗಲಿಯಲ್ಲಿ ಕೂತ ತಾಯಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಆಕೆ ಪರಪರ ಕೆರೆಯುವುದು, ಇವನು "ಹಾ... ಇನ್ನೊಂಚೂರು ಕೆಳಗೆ ಅಮ್ಮಾ" ಅಂತ ಕಣ್ಣು ಮುಚ್ಚುವುದು. ನಾನು ಚಹಾ ಹಿಡಿದು ಬಾಗಿಲಲ್ಲಿ ಕಂಬದ ಹಾಗೆ ನಿಂತಿರಬೇಕು! ಅವನ ಮುಖದಲ್ಲಿ ಅಂಥ ಸುಖವನ್ನು ನಾನು ನನ್ನ ಹಾಸಿಗೆಯಲ್ಲೂ ಕಂಡವಳಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ ಹೇಳಿ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಚೇಟ್ಟಾ, ನಾನು ಕೆರೀತೀನಿ, ಈ ಕಡೆ ತಿರುಗಿ."

ಒಂದು ನಿಮಿಷ ಕೂತ, ಆಮೇಲೆ ಕೊಸರಾಡಿದ. "ನಿನ್ನ ಕೈಗೆ ಜಾಗ ಗೊತ್ತಾಗಲ್ಲ ಲೀಲಾಮಣಿ. ಅಮ್ಮಂಗಾದ್ರೆ ಹೇಳೋದೇ ಬೇಡ."

ಅತ್ತೆ ಕಾರ್ತ್ಯಾಯನಿ ವೀಳ್ಯದೆಲೆಗೆ ಸುಣ್ಣ ಸವರುತ್ತಾ ನಕ್ಕರು. "ಎದೆಹಾಲು ಕುಡಿಯೋವಾಗಿಂದ ಇರೋ ತುರಿಕೆ ಕಣೇ ಅದು. ನೀನು ನಿನ್ನೆ ಬಂದೋಳು." ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ನಾನಿನ್ನೂ ನಿನ್ನೆ ಬಂದವಳು! ಆ ನಗುವಿಗೆ ಬೆಂಕಿ ಬೀಳ ಅಂದುಕೊಂಡು ಒಳಗೆ ಹೋದೆ.

ಆ ಮಳೆಗಾಲದಲ್ಲಿ ಬೆನ್ನು ಒಡೆದು ನೀರು ಸೋರತೊಡಗಿತು. ಅತ್ತೆ ಸುಮ್ಮನಿದ್ದರೇ? ಬಿಸಿಬಿಸಿ ನೀರು ಹುಯ್ದು, ಮೈ ಉಜ್ಜುವ ಇಂಜದ ತೊಗಟೆಯ ನಾರಿನಿಂದ ಪಾತ್ರೆ ಬೆಳಗುವ ಹಾಗೆ ತಿಕ್ಕಿದರು. ಮಾರನೆಯ ದಿನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಾನೇ ಅವನನ್ನು ಎಳೆದುಕೊಂಡು ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ.

"ಇದು ಎಕ್ಸಿಮಾ," ಅಂದರು ಆಕೆ. "ಅಂಟುರೋಗ ಅಲ್ಲ, ರಕ್ತ ಕೆಟ್ಟಿದ್ದೂ ಅಲ್ಲ. ಇವರ ಚರ್ಮ ಹುಟ್ಟಿನಿಂದಲೇ ಒಣ. ಗಾರೆ ಉದುರಿದ ಗೋಡೆ ಇದ್ದ ಹಾಗೆ, ನಾರಿನ ಧೂಳು, ಬೆವರು, ಸೋಪು ಎಲ್ಲಾ ಒಳಗೆ ನುಗ್ಗುತ್ತೆ. ತುರಿಕೆ ಬರುತ್ತೆ, ಕೆರೀತೀರಿ, ಗೋಡೆ ಇನ್ನಷ್ಟು ಬೀಳುತ್ತೆ, ಇನ್ನಷ್ಟು ತುರಿಕೆ."

ನಾನು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? "ಇವರ ಅಮ್ಮ ಕೆರೀಬಹುದಾ ಡಾಕ್ಟ್ರೇ?"

"ಯಾರೂ ಕೆರೀಬಾರದು. ಆ ನಾರನ್ನ ಮೊದಲು ಬಿಸಾಡಿ."

ಹಾಲು ಕುಡಿದಷ್ಟು ಸಂತೋಷವಾಯಿತು. ಉಗುರುಬೆಚ್ಚಗಿನ ನೀರು, ಮೈ ಒದ್ದೆ ಇರುವಾಗಲೇ ಹಚ್ಚುವ ಕ್ರೀಮು, ಕೆಂಪಾದ ಕಡೆ ಮಾತ್ರ ಅವರು ಹೇಳಿದಷ್ಟು ದಿನ ಮುಲಾಮು, ತೀರಾ ತುರಿಸಿದರೆ ತಣ್ಣೀರಿನ ಬಟ್ಟೆ, ಕೆಲಸಕ್ಕೆ ಹತ್ತಿಯ ಬನಿಯನ್ನು. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. "ಪೂರ್ತಿ ಹೋಗೋ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಟ್ಕೋಬೇಕು," ಅಂತ ಅವರು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಂದು ಸಂಜೆ ಅತ್ತೆ ಎಂದಿನಂತೆ ಕಾಲು ಚಾಚಿ ಕೂತಿದ್ದರು. ನಾನು ನಡುವೆ ನಿಂತೆ. "ಮುಟ್ಟೋ ಹಾಗಿಲ್ಲ ಅಮ್ಮಾ. ಡಾಕ್ಟ್ರು ಹೇಳಿದಾರೆ."

"ಗಂಡನ ಬೆನ್ನಿಗೂ ಬೀಗ ಹಾಕಿದ್ಯೇನೇ?" ಅಂದರು ಅತ್ತೆ. ಇವನು ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ನನ್ನ ಹಿಂದೆ ಒಳಗೆ ಬಂದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!

ಏನು ಹೇಳಲಿ ಆ ದಿನಗಳನ್ನು! ಸ್ನಾನ ಮುಗಿಸಿ ಬಂದವನು ನನ್ನ ಮುಂದೆಯೇ ಕೂರಬೇಕು. ಎಲ್ಲಿ ಕೆಂಪು, ಎಲ್ಲಿ ಒರಟು, ಈಗ ನನ್ನ ಕೈಗೂ ಜಾಗ ಗೊತ್ತಾಯಿತು. ಬೇಕೆಂದೇ ಬಾಗಿಲು ತೆರೆದಿಟ್ಟು ಹಚ್ಚುತ್ತಿದ್ದೆ. ಓಣಂ ಹೊತ್ತಿಗೆ ಬೆನ್ನು ನುಣ್ಣಗಾಯಿತು. ಪಕ್ಕದ ಮನೆಯವರು ಬಂದು ನೋಡಿ ಹೊಗಳಿದರು. ನಾನು ಬೀಗಿಹೋದೆ.

ಬೀಗಿದ್ದೇ ಬಂತು. ಒಂದು ಸಂಜೆ ಮೀನಿನ ಸಾರು ಇಳಿಸಿ ಹೊರಗೆ ಬಂದರೆ, ಇವನು ಅಂಗಿ ಬಿಚ್ಚಿ ತಾಯಿಯ ಮುಂದೆ ಕೂತಿದ್ದಾನೆ. ನನಗೆ ರೇಗಿತು. "ಏನ್ರೀ ಇದು! ತುರಿಕೆ ಹೋಗಿದೆಯಲ್ಲ?"

"ಹೋಗಿದೆ."

"ಮತ್ತೆ?"

"ಸುಮ್ನೆ ಕೂತಿದೀನಿ ಕಣೇ."

ಅತ್ತೆ ಕೈ ಎತ್ತಿ ತೋರಿಸಿದರು. ಉಗುರನ್ನೆಲ್ಲ ಬುಡಕ್ಕೆ ಕತ್ತರಿಸಿದ್ದರು. "ಕೆರೀತಿಲ್ಲ ಮೋಳೇ, ಸವರ್ತಿದೀನಿ. ಅದಕ್ಕೂ ಡಾಕ್ಟ್ರು ಬೇಡ ಅಂದಿದಾರಾ?"

ಬೇಡ ಅಂದಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅವನ ಬೆನ್ನು ವಾಸಿ ಮಾಡಿದ್ದು ನಾನು, ಅದನ್ನು ತಿರುಗಿ ಆಕೆಯ ಕೈಗೆ ಒಪ್ಪಿಸಿದವಳೂ ನಾನೇ. ಕ್ರೀಮು ಈಗ ಅವನೇ ಹಚ್ಚಿಕೊಳ್ಳುತ್ತಿದ್ದ, ಕೈಗೆ ಎಟುಕದ ಕಡೆ ತಾಯಿ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಧನು ಮಾಸದ ಒಣಗಾಳಿ ಬೀಸತೊಡಗಿದ ಮೇಲೆ, ಒಂದು ಸಂಜೆ ಇವನು ಜಗಲಿ ದಾಟಿ ಸೀದಾ ಅಡುಗೆಮನೆಗೆ ಬಂದ. ಅತ್ತೆ "ಮೋನೇ" ಅಂತ ಮಗನನ್ನು ಕರೆದರೂ ನಿಲ್ಲಲಿಲ್ಲ. ತೋಳು ಚಾಚಿ, "ಲೀಲಾಮಣಿ, ಇಲ್ಲಿ ನೋಡೇ, ಮತ್ತೆ ಬಂತಾ?" ಅಂದ. ಮೊಣಕೈ ಮಡಿಕೆಯಲ್ಲಿ ಕೆಂಪಗೆ, ಒರಟಾಗಿ, ರೂಪಾಯಿಯಗಲ ಎದ್ದಿತ್ತು. ಅವನ ಮುಖ ಬಾಡಿಹೋಗಿತ್ತು.

"ಅಯ್ಯೋ ಪಾಪ," ಅಂದೆ ಬಾಯಲ್ಲಿ. ಒಳಗೆ ನನಗಾದ ಖುಷಿ ಯಾವ ಹೆಂಡತಿಗೂ ಬರಬಾರದು. ಕೈ ತೊಳೆದು, ಬಾಗಿಲು ಮುಂದೆ ಮಾಡಿ, ಅವನನ್ನು ಮಣೆಯ ಮೇಲೆ ಕೂರಿಸಿಕೊಂಡೆ. ಮುಲಾಮು ತೆಳ್ಳಗೆ ಹಚ್ಚಬೇಕು ಅಂದಿದ್ದರು ಡಾಕ್ಟರಮ್ಮ. ತೆಳ್ಳಗೇ ಹಚ್ಚಿದೆ, ಅವರು ಹೇಳಿದ್ದನ್ನು ಒಂದಿಷ್ಟೂ ತಪ್ಪಿಸಲಿಲ್ಲ. ಬೇಗ ವಾಸಿಯಾಗಲಿ ಅಂತ ದೇವರನ್ನು ಮಾತ್ರ ಬೇಡಿಕೊಳ್ಳಲಿಲ್ಲ.