ಏಳನೆಯ ಬಾಗಿಲಿನ ಗುರುತು

ರೋಜಾ ತೀರಿಕೊಂಡು ನಾಲ್ಕು ತಿಂಗಳಿಗೆ ಅವಳ ಕಾದಂಬರಿ ಅಚ್ಚಿಗೆ ಹೊರಟಿತು. ದಾವಣಗೆರೆಯಿಂದ ಸಂಪಾದಕಿ ಸುಜಾತಾ ಫೋನ್ ಮಾಡಿದಾಗ ಹಗರಿಬೊಮ್ಮನಹಳ್ಳಿಯ ಮನೆಯಲ್ಲಿ ರೋಜಾಳ ತಂದೆ ಪಾಲಾಕ್ಷಪ್ಪ ಮೇಷ್ಟ್ರು ಪೂಜೆ ಮುಗಿಸಿ ಏಳುತ್ತಿದ್ದರು.

"ಸರ್, ಕಾದಂಬರಿಯ ಮಾಯಾನಗರಿಗೆ ಏಳು ಬಾಗಿಲು, ಒಂದೊಂದರ ಮೇಲೂ ಒಂದು ಗುರುತು. ಆ ಗುರುತಿನ ಅರ್ಥ ನಿಮ್ಮ ಮಗಳು ಎಲ್ಲೂ ಹೇಳಿಲ್ಲ. ಆರು ಬಾಗಿಲು ತೆರೆದ ಹುಡುಗಿ ಏಳನೇದನ್ನ ಮುಟ್ಟದೆ ವಾಪಸ್ ಹೋಗ್ತಾಳೆ. ಯಾಕೆ ಅಂತ ಶುಕ್ರವಾರದೊಳಗೆ ತಿಳಿಸಿ. ಇಲ್ಲದಿದ್ರೆ ಆ ಪುಟ ತೆಗೆದು ಅವಳನ್ನ ಒಳಗೆ ಕಳಿಸೋಣ."

ಆ ಪುಟವನ್ನೂ ಕೊನೆಯ ಗುರುತುಗಳನ್ನೂ ರೋಜಾ ಬರೆದದ್ದು ಆಸ್ಪತ್ರೆಯ ಮಂಚದ ಮೇಲೆ, ಕೊನೆಯ ದಿನ. ಜ್ವರ ತಲೆಗೇರಿದೆ ಎಂದು ವೈದ್ಯರು ಆಗಲೇ ಹೇಳಿದ್ದರು. ಬರೆದು ಮುಗಿಸಿ ಅವಳು, "ಅಪ್ಪ, ನೀನು ಮನಿಗೆ ಹೋಗು" ಎಂದಿದ್ದಳು. ಅವರು ಹೋಗಿದ್ದರು. ಬೆಳಗ್ಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬುದ್ಧಿ ನೆಟ್ಟಗಿದ್ದು ಆಡಿದ ಮಾತಾದರೆ ಅವರು ಮಗಳ ಮಾತು ನಡೆಸಿದಂತೆ. ಬಡಬಡಿಕೆಯಾಗಿದ್ದರೆ ಅವಳನ್ನು ಒಂಟಿಯಾಗಿ ಬಿಟ್ಟು ಬಂದಂತೆ. ಇದನ್ನು ಅವರು ಯಾರ ಬಳಿಯೂ ಹೇಳಿರಲಿಲ್ಲ.

ಎರಡು ದಿನ ಕೂತು ನಾಲ್ಕು ಹಾಳೆ ವ್ಯಾಖ್ಯಾನ ಬರೆದರು. ಓದಿದರೆ ತಮಗೇ ನಂಬಿಕೆ ಬರಲಿಲ್ಲ. ಅರ್ಧ ಕಾದಂಬರಿಯನ್ನು ರೋಜಾ ರಜೆಯಲ್ಲಿ ಕೂಡ್ಲಿಗಿ ಕಡೆಯ ಸೋದರತ್ತೆಯ ಮನೆಯಲ್ಲಿ ಕೂತು ಬರೆದಿದ್ದಳು. ಗುರುವಾರ ಅಲ್ಲಿಗೆ ಬಸ್ಸು ಹಿಡಿದರು.

ಅಕ್ಕ ದ್ಯಾಮಕ್ಕ ಕುರಿಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಏನಲೇ ಪಾಲಾಕ್ಷ, ಸಾಲಿ ಮೇಷ್ಟ್ರಿಗೆ ಕುರಿ ವಾಸನಿ ಆಗಿಬರಂಗಿಲ್ಲ ಅಂದ್ಕಂಡಿದ್ದೆ."

ಅವರು ರೋಜಾ ಬರೆದ ಗುರುತುಗಳ ಹಾಳೆ ಬಿಡಿಸಿ ಬೆರಳಿಟ್ಟು ಹೇಳಿದರು. "ಇದು ಬಿಲ್ವದ ಎಸಳಕ್ಕ. ತುದಿ ಸೀಳೇತಲ್ಲ, ಅದು ಜೀವ ಶಿವ ಬ್ಯಾರೆ ಆದ ಗುರುತು. ಇದಕ್ಕ ಮೂರು ಕಚ್ಚು, ಅವು ಜೀವಕ್ಕ ಅಂಟಿದ ಮೂರು ಮಲ. ಕೊನೇದಕ್ಕ ಒಂದೂ ಕಚ್ಚಿಲ್ಲ. ಅದು ಶೂನ್ಯ."

ಅಕ್ಷರ ಬಾರದ ದ್ಯಾಮಕ್ಕ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಶೂನ್ಯ ನಿನ್ನ ತಲಿಯಾಗ ಐತಿ. ಕುರುಬರ ಮನ್ಯಾಗ ಹುಟ್ಟಿ ಕುರಿ ಕಿವಿ ಗುರ್ತು ಸಿಗಲಿಲ್ಲೇನೋ? ತುದಿ ಸೀಳಿದ್ದು ನಮ್ಮ ಮನೀದು. ಮೂರು ಕಚ್ಚು ಓಬಳೇಶಪ್ಪನ ಮನೀದು. ಮರಿ ತಪ್ಪಿಸ್ಕಂಡ್ರ ಯಾರದಂತ ತಿಳೀಲಿ ಅಂತ ಕೊಯ್ತೀವಲ್ಲ, ಅವೇ."

"ಮತ್ತ ಕೊನೇದು?"

"ಕೊಯ್ಯದ ಕಿವಿ. ದೇವರಿಗೆ ಬಿಟ್ಟ ಮರಿ. ಅದನ್ನ ಯಾರೂ ನಂದು ಅನ್ನಂಗಿಲ್ಲ, ಕಟ್ಟಂಗಿಲ್ಲ. ರೋಜಾ ಸಣ್ಣಾಕಿ ಇದ್ದಾಗ ಅಂಥಾದೊಂದಕ್ಕ ಹಗ್ಗ ಹಾಕಿ ನನ್ನ ಕೈಲಿ ಏಟು ತಿಂದಿದ್ಲು."

ಪಾಲಾಕ್ಷಪ್ಪ ಏಳನೆಯ ಬಾಗಿಲಿನ ಸಂಗತಿ ಹೇಳಿದರು.

"ಮುಟ್ಟದೆ ಬಂದಿದ್ದು ಸರಿ ಐತಿ ಬಿಡು. ಒಳಗ ಹೋಗಿದ್ರ ಹುಚ್ಚಿ ಅಂತಿದ್ದೆ."

"ಏಳೂ ಗುರುತು ಸರಿ ಬರ್ದಾಳೇನಕ್ಕ? ಕೊನೇವು ಜ್ವರದಾಗ ಬರ್ದಿದ್ದು."

ದ್ಯಾಮಕ್ಕ ಒಂದೊಂದನ್ನೂ ಬೆರಳಿಂದ ಸವರಿ ನೋಡಿದಳು. "ಎಡಗಿವಿ ಬಲಗಿವಿ ಸೈತ ತಪ್ಪಿಲ್ಲ. ಎಚ್ಚರ ತಪ್ಪಿದೋರು ಹಿಂಗ ಬರೀತಾರೇನು?"

ಅವರು ಅಲ್ಲಿಂದಲೇ ಸುಜಾತಾಗೆ ಫೋನ್ ಮಾಡಿ ತಿಳಿಸಿದರು.

"ಹಾಗಾದ್ರೆ ಪುಟ ಇರಲಿ ಸರ್. ಕೆಳಗೆ ಒಂದು ಟಿಪ್ಪಣಿ ಹೇಳಿ."

"ಕೊಯ್ಯದ ಕಿವಿ ದೇವರದು."

"ಅಷ್ಟೇನಾ?"

"ಅಷ್ಟೇ."

ಮಗಳು ತಿಳಿದೇ ತಮ್ಮನ್ನು ಮನೆಗೆ ಕಳಿಸಿದ್ದಳು. ಇಷ್ಟು ಗೊತ್ತಾದರೆ ಎದೆ ಹಗುರಾದೀತು, ಇಲ್ಲವೇ ಅಳುವಾದರೂ ಬಂದೀತು ಎಂದು ಪಾಲಾಕ್ಷಪ್ಪ ಎಣಿಸಿದ್ದರು. ಎರಡೂ ಬರಲಿಲ್ಲ. ಶಿವನ ಹೆಸರು ಹೇಳಿದರು. ಅದು ಬಾಯಿಂದ ಹೊರಟು ಅಲ್ಲೇ ನಿಂತಂತಾಯಿತು.

"ಉಣ್ಣೇಳು," ಎಂದಳು ದ್ಯಾಮಕ್ಕ.

"ಹಸಿವಿಲ್ಲಕ್ಕ."

"ಹಸಿವು ಕೇಳಿದೋರು ಯಾರು? ಕೈ ತೊಳಕೋ."

ಅವರು ಎದ್ದು ಕೈ ತೊಳೆದುಕೊಂಡರು.