ತೊಯ್ದ ಉಣ್ಣೆ

ಕೂಡ್ಲಿಗಿ ಹೆದ್ದಾರಿ ಪಕ್ಕದ ಡಾಂಬರು ಪ್ಲಾಂಟಿನಲ್ಲಿ ಮೈಲಪ್ಪನದು ಒಂದೇ ಕೆಲಸ. ಐವತ್ತು ಟನ್ನಿನ ಟ್ಯಾಂಕು ಆರದಂತೆ ನೋಡಿಕೊಳ್ಳುವುದು. ಆರಿದರೆ ಡಾಂಬರು ಗಟ್ಟಿಯಾಗಿ ಪಂಪು ಹಿಡಿದುಕೊಳ್ಳುತ್ತದೆ. ಹನ್ನೊಂದು ವರ್ಷ ನೋಡಿಕೊಂಡಿದ್ದಾನೆ. ಈಗ ಹತ್ತು ದಿನದಿಂದ ಬರ್ನರಿಗೆ ಡೀಸೆಲ್ ದುಪ್ಪಟ್ಟು. ಮ್ಯಾನೇಜರ್ ಗಂಗಾಧರ್ ಎಲ್ಲರೆದುರು ಕೇಳಿದ್ದ: "ಕುಡಿಯೋದು ಟ್ಯಾಂಕೋ, ನೀನೋ?"

ನಿಜ ತಿಳಿಯಲು ಕೊಟ್ಟೂರಿನ ಇಂಜಿನಿಯರ್ ರೋಜಾಳನ್ನು ಕರೆಸಿದರು. ಆಕೆ ಟ್ಯಾಂಕಿನ ಸುತ್ತಳತೆ, ಎತ್ತರ, ಗಾಳಿಯ ವೇಗ ಎಲ್ಲ ಬರೆದುಕೊಂಡಳು.

"ಒಳಗ ಡಾಂಬರು ಸುಮ್ನ ನಿಂತಿರಂಗಿಲ್ಲಣ್ಣ. ಕಾದದ್ದು ಮೇಲೇಳತೈತಿ, ಗೋಡಿ ಮುಟ್ಟಿ ಆರಿದ್ದು ಕೆಳಗಿಳಿತೈತಿ. ಹಂಗ ತಿರುಗ್ತಾ ತಿರುಗ್ತಾ ಬಿಸಿಯೆಲ್ಲಾ ಗೋಡಿಗೆ ಕೊಡತೈತಿ. ಹೊರಗ ಹೋಗದಂಗ ತಗಡಿನ ಒಳಗಿನ ಗ್ಲಾಸ್‌ವೂಲ್, ಅಂದ್ರ ಗಾಜಿನ ಉಣ್ಣಿ, ತಡೀತೈತಿ."

"ಲೆಕ್ಕ ಏನಂತೈತ್ರಿ, ಮೇಡಂ?"

"ದಿನಕ್ಕ ಮೂವತ್ತು ಲೀಟರ್ ಸಾಕಂತೈತಿ. ನೀವು ಅರವತ್ತು ಸುಟ್ಟೀರಿ."

ಲೆಕ್ಕವೂ ಮ್ಯಾನೇಜರನ ಮಾತನ್ನೇ ಆಡಿತ್ತು.

ರೋಜಾ ತಗಡಿನ ಮೇಲೆ ಅಂಗೈ ಸವರುತ್ತ ಸುತ್ತು ಹಾಕಿದಳು. ತೆಂಕಣ ಬದಿಗೆ ಬಂದವಳೇ ಕೈ ಕಿತ್ತುಕೊಂಡಳು. ತಗಡಿನ ಸಂದಿಯಲ್ಲಿ ಸಣ್ಣಗೆ ಹಬೆ ಏಳುತ್ತಿತ್ತು.

"ಒಳಗಿನ ಉಣ್ಣಿ ತೊಯ್ದೈತಿ. ಮಳಿ ಬಂದಿತ್ತೇನಣ್ಣ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮೈಲಪ್ಪನಿಗೆ ಸುಳ್ಳು ಕಟ್ಟುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಮಳಿ ಅಲ್ರಿ, ನಾನ. ಹತ್ತು ದಿನದ ಹಿಂದ ಆಯುಧ ಪೂಜಿಗೆ ಎಲ್ಲಾ ಮಷಿನ್ ತೊಳದ್ವಿ. ಇದೊಂದು ಯಾಕ ಮೈಲಿಗಿ ಇರಬೇಕಂತ ಮೇಲಿನ ತಗಡು ಬಿಚ್ಚಿ, ಒಂದು ತಾಸು ನೀರು ಬಿಟ್ಟೆ. ಭಂಡಾರದ ಅರಿಶಿಣ ಹಚ್ಚಿ ಕೈ ಮುಗುದೆ." ಸ್ವಲ್ಪ ತಡೆದು ಅಂದ, "ಕುರಿ ಕಾಯೋರ ಮನ್ಯಾಗ ಹುಟ್ಟಿದಾಂವ. ತೊಯ್ದ ಕಂಬಳಿ ಚಳಿ ತಡಿಯಂಗಿಲ್ಲ ಅನ್ನೋದು ನನಗಾದ್ರೂ ಹೊಳೀಬೇಕಿತ್ತು."

ರೋಜಾ ಆಚೆ ಹೋಗಿ ಗಂಗಾಧರ್‌ಗೆ ಫೋನ್ ಮಾಡಿದಳು. ಬಹಳ ಹೊತ್ತು ಆಕೆಯೇ ಮಾತಾಡಿದಳು. ಮೈಲಪ್ಪ ಟ್ಯಾಂಕಿನ ಏಣಿಯ ಕೆಳಗೆ ಕೂತು ಕಾದ.

"ಕಳ್ಳ ಅಲ್ಲ ಅಂತ ಹೇಳಿದ್ರೇನ್ರಿ, ಮೇಡಂ?"

"ಮೊದಲು ಅದನ್ನ ಹೇಳ್ದೆ."

"ಏನಂದ್ರು?"

ಆಕೆ ಮುಖ ತಿರುಗಿಸಿದಳು. "ಹೊಸ ಉಣ್ಣಿ ನಾಳೆ ಬರತೈತಂತ. ಇವತ್ತೇ ತಗಡು ಬಿಚ್ಚಿಡು ಅಂದ್ರು."

"ಅವತ್ತು ಎಲ್ಲಾರ ಮುಂದ ಅಂದದ್ದಕ್ಕ ಏನೂ ಅನ್ಲಿಲ್ಲ?"

"ಇಲ್ಲಣ್ಣ."

ಮೈಲಪ್ಪ ಮೊಣಕಾಲು ಹಿಡಿದು ಎದ್ದ. ಸ್ಕ್ರೂಡ್ರೈವರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತತೊಡಗಿದ.